ಕರ್ಜಗಿ ಎಂದಿದ್ದ ಸಾಲುಗಳು

ಹೋದ ವಾರ ಬೀಜದ ಪೊಟ್ಟಣಗಳ ಲೇಬಲ್ಲು ಹೇಗೆ ಬಂದಿದೆ ಎಂದು ನೋಡಲು ರಾಣೇಬೆನ್ನೂರಿನ ಒಂದು ಪ್ರೆಸ್ಸಿಗೆ ಹೋಗಿದ್ದೆ. ಯಂತ್ರ ನಿಲ್ಲಿಸಿ ಒಬ್ಬರು ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ರೋಲರಿನ ಮಸಿ ಒರೆಸುತ್ತಿದ್ದರು. ಸೀಮೆಎಣ್ಣೆ, ಮಸಿ, ಕಾಗದದ ಧೂಳು... ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸವೇ ಮರೆತುಹೋಯಿತು. ಲೇಬಲ್ಲು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

"ಏನ್ರಿ ಮೇಡಂ, ತಲಿ ತಿರಗಾಕತ್ತೈತೇನು? ಕುಂದ್ರಿ," ಎಂದು ಪ್ರೆಸ್ಸಿನವರು ಕುರ್ಚಿ ಎಳೆದರು. ಕುಳಿತೆ. ಅವರು ಕೊಟ್ಟ ನೀರನ್ನೂ ಕುಡಿದೆ. ತಲೆಗೆ ಏನೂ ಆಗಿರಲಿಲ್ಲ. ಚಾಚಾ ನೆನಪಾಗಿದ್ದರು.

ಚಾಚಾ ಅಂದರೆ ನನಗೆ ಸಂಬಂಧಿಕರಲ್ಲ. ಹಾವೇರಿಯಲ್ಲಿ ಕೋರ್ಟಿನ ಹಿಂದಿನ ಓಣಿಯಲ್ಲಿ ಅವರದೊಂದು ಅಂಗಡಿ ಇತ್ತು. ಕಾಲೇಜು ಮುಗಿಸಿದ ಮೇಲೆ ಮೂರು ವರ್ಷ ಅಲ್ಲಿ ಕೆಲಸ ಮಾಡಿದೆ. ಅವರಿಗೆ ಚಂದದ ಹೆಸರಿತ್ತು. ಆದರೆ ತಂದೆಯ ವಯಸ್ಸಿನವರನ್ನು ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. ಓಣಿಗೆಲ್ಲ ಅವರು ಚಾಚಾ, ನನಗೂ ಚಾಚಾ. ಇಲ್ಲೂ ಹಾಗೆಯೇ ಇರಲಿ.

ಅಂಗಡಿಯ ಮುಂದಿನ ಅರ್ಧದಲ್ಲಿ ಎರಡು ಹಳೆಯ ಕಂಪ್ಯೂಟರುಗಳಿದ್ದವು. ಹಿಂದಿನ ಅರ್ಧದಲ್ಲಿ ಏನೂ ಇರಲಿಲ್ಲ. ಒಂದು ಕಾಲಕ್ಕೆ ಅಲ್ಲಿ ಅಚ್ಚಿನ ಯಂತ್ರವಿತ್ತು. ಮೂವತ್ತು ವರ್ಷ ಚಾಚಾ ಸೀಸದ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ ಲಗ್ನಪತ್ರಿಕೆ, ಕರಪತ್ರ, ಸತ್ಯನಾರಾಯಣ ಪೂಜೆಯ ಆಮಂತ್ರಣ, ಉರುಸಿನ ಪೋಸ್ಟರು ಎಲ್ಲ ಅಚ್ಚು ಹಾಕಿದ್ದರು. ಕಾಲ ಬದಲಾಯಿತು. ಯಂತ್ರ ಹೋಯಿತು, ಅಕ್ಷರಗಳು ಮೋಡಕಾದವರ ಗುಜರಿಗೆ ಹೋದವು. ವಾಸನೆ ಮಾತ್ರ ಗೋಡೆ ಬಿಟ್ಟು ಹೋಗಿರಲಿಲ್ಲ. ಮಳೆಗಾಲದಲ್ಲಂತೂ ನೆಲದಿಂದಲೇ ಮಸಿಯ ವಾಸನೆ ಏಳುತ್ತಿತ್ತು.

ಆ ಕಂಪ್ಯೂಟರುಗಳು ಯಾವುದೋ ಕಚೇರಿಯವರು ಬಿಸಾಕಿದ್ದು. ಹೊಸ ಸಾಫ್ಟ್‌ವೇರು ಹಾಕಿದರೆ ದಮ್ಮು ಹತ್ತಿದವರಂತೆ ನಿಂತುಬಿಡುತ್ತಿದ್ದವು. ಹುಬ್ಬಳ್ಳಿಯಲ್ಲಿದ್ದ ಚಾಚಾರ ತಂಗಿಯ ಮಗ ಬಂದು ಹಳೆಯ ಯಂತ್ರದಲ್ಲೂ ಓಡುವ ಲಿನಕ್ಸ್ ಹಾಕಿಕೊಟ್ಟಿದ್ದನಂತೆ. ಉಳಿದವರು ಅದರಲ್ಲೂ ಮೌಸು ಹಿಡಿದುಕೊಂಡೇ ಒದ್ದಾಡುತ್ತಾರೆ. ಚಾಚಾ ಮಾತ್ರ ಕಪ್ಪು ಪರದೆ ತೆರೆದು, ಬಿಳಿ ಅಕ್ಷರಗಳನ್ನು ಜೋಳದ ಕಾಳಿನಷ್ಟು ದೊಡ್ಡ ಮಾಡಿಕೊಂಡು, ಆಜ್ಞೆ ಟೈಪ್ ಮಾಡಿ ಕೆಲಸ ತೆಗೆಯುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ! ನಾನು ಮೊದಲ ದಿನವೇ ಬೆರಗಾದೆ. ಬಿಕಾಂ ಮಾಡಿದ ನನಗೆ ಅದರ ಗಂಧಗಾಳಿ ಇರಲಿಲ್ಲ.

"ಮೊದ್ಲ ಒಂದ ಹೆಸರ ನಲವತ್ತ ಕಡೆ ತಪ್ಪ ಬಿತ್ತಂದ್ರ, ಚಿಮಟಾ ತಗೊಂಡು ನಲವತ್ತ ಸಲ ಅಕ್ಷರಾ ಕಿತ್ತು ಹಚ್ತಿದ್ನಿ, ಬೇಟಾ. ಈಗ ಒಂದ ಸಾಲ ಬರದ್ರ ನಲವತ್ತೂ ರಿಪೇರಿ," ಎನ್ನುತ್ತಿದ್ದರು. ಹೇಳುವಾಗ ಮುಖದಲ್ಲಿ ಹಬ್ಬದ ಕಳೆ.

ಹಾಗೆ ನನಗೂ ಕಲಿಸಿದರು. ಫೈಲಿನಲ್ಲಿ ಯಾವ ಸಾಲಿನಲ್ಲಿ ಯಾವ ಶಬ್ದವಿದೆ ಎಂದು ಹುಡುಕುವುದು, ಹೊಂದಿದ ಸಾಲನ್ನು ಬದಲಿಸುವುದು, ಬೇಡವಾದರೆ ತೆಗೆದುಹಾಕುವುದು. ಹುಡುಕುವ ಶಬ್ದದ ಹಿಂದೆ ಮುಂದೆ ಹಾಕುವ ಚಿಹ್ನೆಗಳಿಗೆಲ್ಲ ಅವರದೇ ಹೆಸರು. ಸಾಲಿನ ಆರಂಭ ತೋರಿಸುವ ^ ಚಿಹ್ನೆಗೆ ಟೋಪಿ. ಕೊನೆ ತೋರಿಸುವ $ ಚಿಹ್ನೆಗೆ ಚಪ್ಪಲಿ. "ಟೋಪಿ ಎಲ್ಲಿ ಹಾಕ್ತಾರ? ತಲಿ ಮ್ಯಾಲೆ. ಚಪ್ಪಲಿ? ಕಾಲಾಗ. ಇಷ್ಟ ನೆನಪ ಇಡು, ಪುಸ್ತಕಾ ಬ್ಯಾಡ." ಆಮೇಲೆ ನಾನು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಅದನ್ನೇ ಓದಿದೆ. ಅಲ್ಲಿ ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ.

ಅವರ ಕಟ್ಟುನಿಟ್ಟಿನ ನಿಯಮ ಒಂದಿತ್ತು. ಯಾವ ಸಾಲನ್ನೂ ತೆಗೆಯುವ ಮೊದಲು ಆಜ್ಞೆಗೆ ಸಿಗುವ ಸಾಲುಗಳನ್ನು ಬರೀ ತೋರಿಸಲು ಹೇಳಬೇಕು; ತೋರಿಸಿದ್ದನ್ನು ಗಟ್ಟಿಯಾಗಿ ಓದಬೇಕು. ಪ್ರತಿ ಸಾಲೂ. ಅಚ್ಚಿನ ದಿನಗಳ ರೂಢಿ ಅದು. ಆಗ ಒಬ್ಬರು ಮೂಲ ಓದುವುದು, ಇನ್ನೊಬ್ಬರು ಅಚ್ಚಾದ ಹಾಳೆ ನೋಡುವುದು. ಅವರ ಮನೆಯಾಕೆ ಚಾಚಿ ಬದುಕಿದ್ದಾಗ ಮಧ್ಯಾಹ್ನದ ಊಟವಾದ ಮೇಲೆ ಬಂದು ಓದುತ್ತಿದ್ದರಂತೆ. ಈಗ ನಾನು ಓದುತ್ತಿದ್ದೆ, ಚಾಚಾ ಕಣ್ಣು ಮುಚ್ಚಿ ಕೇಳುತ್ತಿದ್ದರು.

ನನಗೋ ಅದೊಂದು ಶಿಕ್ಷೆ. ನನ್ನ ಸ್ವಭಾವವೇ ಲಗುಬಗೆಯದು. ಹಾಲು ಉಕ್ಕುವ ಮೊದಲೇ ಇಳಿಸುವವಳು ಎಂದು ಅವ್ವ ಬೈಯುತ್ತಿದ್ದಳು. "ಚಾಚಾ, ಕಂಪ್ಯೂಟರ್ ಸುಳ್ಳ ಹೇಳ್ತೈತೇನ್ರಿ?" ಎಂದು ವಾದ ಮಾಡುತ್ತಿದ್ದೆ. "ಅದು ಸುಳ್ಳ ಹೇಳೂದಿಲ್ಲ. ನೀ ಹೇಳಿದ್ದ ಖರೇ ಅಂತ ತಿಳ್ಕೊಂತೈತಿ, ಅದ ತ್ರಾಸ," ಎನ್ನುತ್ತಿದ್ದರು. ನಾನು ನಕ್ಕು ಓದುತ್ತಿದ್ದೆ, ಬಸ್ಸಿನ ಕಂಡಕ್ಟರು ಊರುಗಳ ಹೆಸರು ಒದರಿದ ಹಾಗೆ.

ಆ ವರ್ಷ ಒಂದು ಸಂಘದವರು ಹಾವೇರಿಯಲ್ಲಿ ಕಣ್ಣಿನ ಪೊರೆ ತೆಗೆಯುವ ಉಚಿತ ಶಿಬಿರ ಇಟ್ಟಿದ್ದರು. ಊರೂರಿನಲ್ಲಿ ಕಣ್ಣು ಪರೀಕ್ಷೆ ಮಾಡಿ ಬರೆದುಕೊಂಡ ಫಾರ್ಮುಗಳನ್ನು ಯಾದಿ ಮಾಡಿಕೊಡಲು ಚಾಚಾರ ಅಂಗಡಿಗೆ ಕೊಟ್ಟರು. ಒಬ್ಬರಿಗೆ ಒಂದು ಸಾಲು: ಕ್ರಮಸಂಖ್ಯೆ, ಹೆಸರು, ವಯಸ್ಸು, ಊರು, ಫೋನು, ನಡುವೆ ಅಲ್ಪವಿರಾಮ. ಐವತ್ತೆರಡು ಸಾಲು. ಟೈಪ್ ಮಾಡಿದ ಮೇಲೆ ರೂಢಿಯಂತೆ ಎಲ್ಲವನ್ನೂ ಗಟ್ಟಿಯಾಗಿ ಓದಿದೆ. ಇಪ್ಪತ್ತೇಳನೆಯ ಸಾಲು ಚಾಚಾ ತಾವೇ ಟೈಪ್ ಮಾಡಿದ್ದು, ಅವರದೇ ಹೆಸರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ನನಗೆ ತಿಳಿದದ್ದೇ ಅವತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ, "ನಂದ ಬಿಡು, ಮುಂದ ಓದು," ಎಂದರು. ಓದಿದೆ. ಗಟ್ಟಿಯಾಗಿ ಓದಿಸುತ್ತಿದ್ದುದು ಬರೀ ರೂಢಿಗಲ್ಲ, ಕಾಣದ್ದಕ್ಕೂ ಹೌದು ಎಂಬುದು ಆಗ ಹೊಳೆಯಿತು. ಪರದೆಯ ಅಕ್ಷರ ಜೋಳದ ಕಾಳಿನಷ್ಟು ಯಾಕೆ ಎಂಬುದೂ ಆಗಲೇ ತಿಳಿಯಿತು... ನನ್ನ ಜಾಣತನ ಅಷ್ಟರದ್ದು.

ಶಿಬಿರ ಭಾನುವಾರ. ಗುರುವಾರ ಸಂಜೆ ಸಂಘದ ಕಾರ್ಯದರ್ಶಿಗಳ ಫೋನು ಬಂತು: ಕರ್ಜಗಿಯವರಿಗೆ ಅವರ ಊರಲ್ಲೇ ಬೇರೆ ದಿನ ಮಾಡುತ್ತೇವೆ, ಅಲ್ಲಿನ ಯಾದಿ ಆಶಾ ಕಾರ್ಯಕರ್ತೆಯ ಹತ್ತಿರ ಇದೆ, ನಿಮ್ಮದರಿಂದ ಕರ್ಜಗಿಯ ಹನ್ನೆರಡು ಜನರನ್ನು ತೆಗೆದು ಉಳಿದ ನಲವತ್ತು ಕಳಿಸಿ. ಚಾಚಾ ನಮಾಜಿಗೆ ಹೋಗಿದ್ದರು. ನನಗೆ ಐದೂವರೆಯ ಬಸ್ಸು. ತಪ್ಪಿದರೆ ಮುಂದಿನದು ಏಳಕ್ಕೆ. ತೋರಿಸಲೂ ಇಲ್ಲ, ಓದಲೂ ಇಲ್ಲ, ಹಳೆಯ ಫೈಲಿನ ಪ್ರತಿಯನ್ನೂ ಇಡಲಿಲ್ಲ. ನಿಂತುಕೊಂಡೇ ಹೊಡೆದೆ:

sed -i '/ಕರ್ಜಗಿ/d' ಯಾದಿ.txt

ಕರ್ಜಗಿ ಎಂದಿರುವ ಸಾಲುಗಳನ್ನೆಲ್ಲ ತೆಗೆದು ಅದೇ ಫೈಲಿನಲ್ಲಿ ಉಳಿಸು ಎಂದು ಅದರ ಅರ್ಥ. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಕಳಿಸಿದೆ, ಬೀಗ ಹಾಕಿದೆ, ಓಡಿದೆ. ಬಸ್ಸು ಸಿಕ್ಕಿತು. ಕಿಟಕಿಯ ಸೀಟೂ ಸಿಕ್ಕಿತು.

ಶನಿವಾರ ಬೆಳಿಗ್ಗೆ ರಾಣೇಬೆನ್ನೂರಿನಿಂದ ನಿವೃತ್ತ ಮಾಸ್ತರರೊಬ್ಬರ ಫೋನು ಬಂತು. ಶಿಬಿರಕ್ಕೆ ಬರಲು ಪಕ್ಕದ ಮನೆಯವರಿಗೆ ಕರೆ ಬಂದಿದೆ, ನನಗೆ ಯಾಕೆ ಬಂದಿಲ್ಲ ಎಂದು ಕೇಳುತ್ತಿದ್ದರು. ನಾನು ಯಾದಿ ನೋಡಿದೆ. ಅವರ ಹೆಸರಿಲ್ಲ. ಚಾಚಾ ಫೋನು ತೆಗೆದುಕೊಂಡರು.

"ಮಾಸ್ತರ, ನಿಮ್ಮ ಅಡ್ಡಹೆಸರೇನ್ರಿ?"

ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. ಕರ್ಜಗಿ.

ನಮ್ಮ ಕಡೆ ಊರ ಹೆಸರೇ ಮನೆತನದ ಹೆಸರಾಗುವುದು ಹೊಸತೇನಲ್ಲ. ಹಾವೇರಿ ಎನ್ನುವ ಅಡ್ಡಹೆಸರಿನವರಿದ್ದಾರೆ, ಬ್ಯಾಡಗಿ ಎನ್ನುವವರಿದ್ದಾರೆ. ಶಾಲೆಯ ಹಾಜರಿಯಲ್ಲಿ ದಿನಾ ಕೇಳಿ ಬೆಳೆದವಳು ನಾನು. ಆದರೂ ಹೊಳೆಯಲಿಲ್ಲ. ಯಾಕೆಂದರೆ ನಮ್ಮೂರು ಕರ್ಜಗಿಯಲ್ಲಿ ಕರ್ಜಗಿ ಎನ್ನುವ ಅಡ್ಡಹೆಸರಿನ ಒಂದು ಮನೆಯೂ ಇಲ್ಲ! ಊರಲ್ಲೇ ಇದ್ದವರನ್ನು ಊರ ಹೆಸರಿನಿಂದ ಯಾರು ಕರೆಯುತ್ತಾರೆ? ಊರು ಬಿಟ್ಟು ಹೋದವರಿಗೆ ಮಾತ್ರ ಅದು ಅಂಟಿಕೊಳ್ಳುವುದು. ಹುಟ್ಟಿದಾಗಿನಿಂದ ಕರ್ಜಗಿ ಅಂದರೆ ನನಗೆ ನಮ್ಮ ಊರು, ನಮ್ಮ ಬಸ್ಸಿನ ಫಲಕ. ಬೇರೆ ಊರಿನ ಹುಡುಗಿಯಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲವೇನೋ. ಊರ ಹೆಸರಿನ ಎರಡು ಕಡೆ ಅಲ್ಪವಿರಾಮ ಹಾಕಿ ಹುಡುಕಿದ್ದರೆ, ಊರಿನ ಜಾಗದಲ್ಲಿದ್ದ ಕರ್ಜಗಿ ಅಷ್ಟೇ ಸಿಗುತ್ತಿತ್ತು. ಆತುರಗಾರರಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ನನ್ನದು ನೆಲಮಟ್ಟ.

ಎಣಿಸಿದೆವು. ನಲವತ್ತರ ಬದಲು ಮೂವತ್ತೇಳು ಸಾಲು. ಮೂವರು ಹೋಗಿದ್ದರು. ಫಾರ್ಮುಗಳ ಕಟ್ಟು ಆಗಲೇ ಆಸ್ಪತ್ರೆಯವರ ಕೈ ಸೇರಿತ್ತು. ನನಗೆ ಅಳು ಒತ್ತಿಕೊಂಡು ಬಂತು. ಚಾಚಾ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕಣ್ಣು ಮುಚ್ಚಿ ಕುಳಿತರು.

"ನೀ ಓದಿದ್ದ ನೆನಪ ಮಾಡ್ಕೊಳ್ಳಾಕತ್ತೇನಿ, ಸುಮ್ನಿರು," ಎಂದರು. ಸ್ವಲ್ಪ ಹೊತ್ತಾದ ಮೇಲೆ ಒಂದೊಂದೇ ಬೆರಳು ಮಡಚಿದರು. "ರಾಣೇಬೆನ್ನೂರ ಮಾಸ್ತರು ಒಬ್ರು. ಹಾವೇರಿ ಟೇಲರ್ ಒಬ್ರು, ಅವರ ಅಂಗಡಿ ನನಗ ಗೊತ್ತೈತಿ. ಮೂರನೇದ್ದು ಬ್ಯಾಡಗಿ. ಹೆಣ್ಮಗಳು. ಫೋನ್ ನಂಬರ್ ಇರ್ಲಿಲ್ಲ, ನೀ ಅಲ್ಲಿ ಸುಮ್ನ ನಿಂತಿದ್ದಿ. ಮಾರ್ಕೆಟ್ ಯಾರ್ಡಿನ ಹಿಂದ ಮನಿ ಅಂತ ಫಾರ್ಮಿನ್ಯಾಗ ಇತ್ತು ಅಂದಿದ್ದಿ."

ಶಿಕ್ಷೆ ಎಂದುಕೊಂಡು ಕಂಡಕ್ಟರಿನ ಹಾಗೆ ಒದರಿದ್ದನ್ನು ಆ ಮನುಷ್ಯ ಅಷ್ಟು ಗಮನವಿಟ್ಟು ಕೇಳಿದ್ದರು. ನಾಚಿಕೆಯಾಯಿತು.

ಕಾರ್ಯದರ್ಶಿಗಳಿಗೆ ಫೋನು ಮಾಡಿದೆವು. ಅವರು ಕೆಟ್ಟವರಲ್ಲ, ಆದರೆ ಅವರ ಕೈಯೂ ಕಟ್ಟಿತ್ತು. ಕಣ್ಣಿಗೆ ಹಾಕುವ ಲೆನ್ಸು ನಲವತ್ತೇ ಬರುತ್ತವೆ, ಡಾಕ್ಟರೂ ಒಂದು ದಿನಕ್ಕೆ ಅಷ್ಟೇ ಮಾಡುವುದು. ಮೂರು ಜಾಗ ಖಾಲಿ ಕಂಡದ್ದರಿಂದ ಕಾಯುವ ಯಾದಿಯಿಂದ ಮೂವರನ್ನು ತೆಗೆದುಕೊಂಡಿದ್ದರು. ಅದರಲ್ಲಿ ಇಬ್ಬರಿಗೆ ಇನ್ನೂ ಹೇಳಿರಲಿಲ್ಲ. ಆ ಎರಡು ಜಾಗ ಮಾಸ್ತರರಿಗೂ ಟೇಲರಿಗೂ ಕೊಡಬಹುದು. ಮೂರನೆಯವರು ಎಪ್ಪತ್ತು ದಾಟಿದ ಅಜ್ಜ, ಆಗಲೇ ಸಂಬಂಧಿಕರ ಮನೆಗೆ ಬಂದು ಇಳಿದಿದ್ದಾರೆ, ಅವರಿಗೆ ಹೇಗೆ ಬೇಡ ಎನ್ನಲಿ ಎಂದರು. ಬ್ಯಾಡಗಿಯ ಹೆಣ್ಣುಮಗಳಿಗೆ ಮುಂದಿನ ವರ್ಷ ನೋಡೋಣ ಎಂದೂ ಸೇರಿಸಿದರು.

ಚಾಚಾ ಫೋನು ಇಟ್ಟು ಟೋಪಿ ಹಾಕಿಕೊಂಡರು. "ನಡಿ, ಬ್ಯಾಡಗೀಗೆ ಹೋಗೂಣು."

"ಜಾಗಾನ ಇಲ್ಲಲ್ಲ ಚಾಚಾ, ಹೋಗಿ ಏನ್ ಹೇಳೂದು?"

"ಮೊದ್ಲ ಮನಷ್ಯಾರ್ನ ನೋಡೂಣು. ಜಾಗದ್ದ ಆಮ್ಯಾಲೆ."

ಮೋಟೆಬೆನ್ನೂರಿನ ಮೇಲೆ ಹೋಗುವ ಬಸ್ಸು ಹತ್ತಿದೆವು. ಬ್ಯಾಡಗಿ ಇನ್ನೂ ದೂರವಿರುವಾಗಲೇ ಘಾಟು ಹತ್ತಿ ಬಸ್ಸಿನಲ್ಲಿದ್ದ ಅರ್ಧ ಜನ ಸೀನತೊಡಗಿದರು. ಯಾರ್ಡಿನ ಹಿಂದೆ ಶೆಡ್ಡಿನ ನೆರಳಿನಲ್ಲಿ ಹೆಂಗಸರು ಮೆಣಸಿನಕಾಯಿಯ ರಾಶಿ ಮುಂದೆ ಕುಳಿತು ಕಾಯಿಯ ತೊಟ್ಟು, ಅಂದರೆ ತುಂಬು, ಬಿಡಿಸುತ್ತಿದ್ದರು. ಒಬ್ಬೊಬ್ಬರನ್ನೇ ಕೇಳುತ್ತ ಹೋದೆವು. ಕರ್ಜಗಿಯವರು ಯಾರ್ರಿ? ಮೂಲೆಯಲ್ಲಿ ಒಬ್ಬಾಕೆ ತಲೆ ಎತ್ತಿದರು. ಐವತ್ತೈದು ಅರವತ್ತರ ಹೆಂಗಸು. ಕಾಯಿಯನ್ನು ಮುಖದ ಹತ್ತಿರ ಹಿಡಿದು, ಬೆರಳಿನಿಂದ ಸವರಿ ತುಂಬು ಎಲ್ಲಿದೆ ಎಂದು ನೋಡಿ ಕೀಳುತ್ತಿದ್ದರು. ಪಕ್ಕದವರ ಗುಡ್ಡೆ ಮೊಣಕಾಲೆತ್ತರ, ಇವರದು ಒಂದು ಬೊಗಸೆ.

ಅವರು ನಮ್ಮನ್ನು ಅಲ್ಲೇ ಹಿಂದಿದ್ದ ಮನೆಗೆ ಕರೆದೊಯ್ದು ಚಹಾ ಕೊಟ್ಟರು. ಕರೆ ಬಾರದ್ದಕ್ಕೆ ಸಿಟ್ಟಿರಲಿಲ್ಲ. "ಎಲ್ಲಾರಿಗೂ ಫೋನ್ ಬಂದಾವಂತ, ನಂದ ಫೋನ ಇಲ್ಲ, ಹ್ಯಾಂಗ ಕರೀತಾರ ಅಂತ ನಾನ ಸಮಾಧಾನ ಮಾಡ್ಕೊಂಡಿದ್ನಿರಿ," ಎಂದರು. ಆಮೇಲೆ, "ಸಾವ್ಕಾರ್ರು ಹೇಳ್ಯಾರ. ನಿನ್ನ ಕಾಯಾಗ ತುಂಬ ಉಳಿತಾವು, ಬಿಳಿಗಾಯಿ ಬೆರೀತಾವು, ಕಣ್ಣ ತೋರಿಸ್ಕೊಂಡ ಬಾ, ಇಲ್ಲಂದ್ರ ಬ್ಯಾಡ ಅಂತ. ಅವರದೇನ ತಪ್ಪಿಲ್ಲರಿ," ಎಂದರು.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಈ ಕೆಲಸ ಹೋದರೆ ಮುಂದೇನು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನನ್ನ ಊರು ಯಾವುದೆಂದು ಕೇಳಿದರು. ಕರ್ಜಗಿ ಎಂದೆ. ಅವರ ಮುಖ ಅರಳಿದ್ದನ್ನು ಇವತ್ತಿಗೂ ಮರೆತಿಲ್ಲ. "ಯವ್ವಾ! ನಮ್ಮೂರ ಹುಡುಗಿ!" ಎಂದು ಎದ್ದು ಬಂದು ನನ್ನ ಗಲ್ಲ ಸವರಿ ನೆಟಿಗೆ ಮುರಿದರು. ಗಂಡನ ಅಜ್ಜ ಊರು ಬಿಟ್ಟು ಬಂದದ್ದು. ಇವರು ಕರ್ಜಗಿಯನ್ನು ಕಣ್ಣಿನಿಂದ ಒಮ್ಮೆಯೂ ಕಂಡಿರಲಿಲ್ಲ. ಆದರೂ ನಮ್ಮೂರು. ಬೆರಳಿನ ಖಾರ ಗಲ್ಲಕ್ಕೆ ಹತ್ತಿ ಉರಿಯಿತು. ಇವರ ಸಾಲನ್ನು ಅಳಿಸಿದವಳು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ.

ಹೊರಡುವಾಗ ಚಾಚಾ ಹೇಳಿದರು: "ನಾಳೆ ಮುಂಜಾನೆ ಎಂಟಕ್ಕ ಹಾವೇರಿಗೆ ಬರ್ರಿ, ತಂಗಿ. ನಿಮ್ಮ ಹೆಸರ ಯಾದ್ಯಾಗ ಇರ್ತೈತಿ." ನಾನು ಅವರ ಮುಖ ನೋಡಿದೆ. ಅವರು ನೋಡಲಿಲ್ಲ.

ವಾಪಸು ಬಂದು ಅಂಗಡಿ ತೆರೆದಾಗ ಇನ್ನೂ ಬಿಸಿಲಿತ್ತು. ಮೂರೂ ಸಾಲುಗಳನ್ನು ಅವರು ಹೇಳಿದರು, ನಾನು ಟೈಪ್ ಮಾಡಿದೆ. ಅಜ್ಜನದೂ ಸೇರಿ ನಲವತ್ತೊಂದಾಯಿತು.

"ಇಪ್ಪತ್ತೇಳು ತಗಿ," ಎಂದರು.

ನನಗೆ ತಕ್ಷಣ ತಿಳಿಯಿತು. ತಿಳಿಯದವಳ ಹಾಗೆ ಕುಳಿತೆ.

"ತಪ್ಪು ನಂದ ಚಾಚಾ. ನಿಮ್ಮ ಕಣ್ಯಾಕ ಹೋಗ್ಬೇಕು?"

"ಯಾದಿ ನನ್ನ ಅಂಗಡೀಂದ ಹೋಗೈತಿ. ನನ್ನ ಅಂಗಡೀಂದ ಹೋದ ಹಾಳೀಗೆ ಮೂವತ್ತ ವರ್ಷ ನಾನ ಜವಾಬ್ದಾರಿ." ನಕ್ಕರು. "ಕಾಣಲಿಲ್ಲಂದ್ರ ನನಗ ಓದಿ ಹೇಳಾಕ ನೀ ಅದಿ. ಆಕೀಗೆ ಯಾರದಾರ? ವರ್ಷ ಅಂದ್ರೇನು, ಹಿಂಗ ಬರ್ತೈತಿ. ಆಕೀಗೆ ಇದ ಹೇಳಬ್ಯಾಡ, ಋಣದ ಭಾರ ಹೊರಸಬಾರ್ದು. ಹೂಂ, ಮೊದ್ಲ ತೋರ್ಸು. ಓದು."

ಟೋಪಿ ಹಾಕಿ ಹುಡುಕಿದೆ: ಇಪ್ಪತ್ತೇಳರಿಂದ ಶುರುವಾಗುವ ಸಾಲು. ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಬಂತು. ಅವರ ಹೆಸರು, ವಯಸ್ಸು, ಹಾವೇರಿ, ಅಂಗಡಿಯ ಫೋನು. ಗಟ್ಟಿಯಾಗಿ ಓದಿದೆ. ಮೂರು ವರ್ಷದಲ್ಲಿ ಅವರ ಹೆಸರನ್ನು ನನ್ನ ಬಾಯಿಯಿಂದ ಹೇಳಿದ್ದು ಅದೊಂದೇ ಸಲ. "ಬರೋಬ್ಬರಿ ಐತಿ," ಎಂದರು ಕಣ್ಣು ಮುಚ್ಚಿಕೊಂಡೇ. ನಾನು ಅದನ್ನು ತೆಗೆದೆ.

ಮರುದಿನ ಬ್ಯಾಡಗಿಯ ಆ ತಾಯಿಯ ಒಂದು ಕಣ್ಣಿನ ಪೊರೆ ತೆಗೆದರು. ಚೆನ್ನಾಗಿ ಆಯಿತು, ಕೆಲಸ ಉಳಿಯಿತು ಎಂದು ಆಮೇಲೆ ಕೇಳಿದೆವು.

ಚಾಚಾರ ವಿಷಯ ಹಾಗಾಗಲಿಲ್ಲ. ಬೇರೆ ಕಡೆ ತೋರಿಸೋಣ ಎಂದು ನಾನೂ ಅವರ ತಂಗಿಯ ಮಗನೂ ಎಷ್ಟು ಹೇಳಿದರೂ, ಮುಂದಿನ ಶಿಬಿರ ಬರಲಿ ಎಂದು ತಳ್ಳಿದರು. ಹತ್ತನೆಯ ತಿಂಗಳಿಗೆ ಎಡಗಣ್ಣು ಕೆಂಪಾಗಿ ತಲೆ ಸಿಡಿಯುವಷ್ಟು ನೋವು ಬಂತು. ಪೊರೆ ಬಲಿತು ಒಳಗಿನ ಒತ್ತಡ ಏರಿದೆ, ನರಕ್ಕೆ ಪೆಟ್ಟಾಗಿದೆ, ತಡವಾಯಿತು ಎಂದರು ಡಾಕ್ಟರು. ಬಲಗಣ್ಣಿಗೆ ಆಪರೇಷನ್ ಆಗಿ ಕಂಡಿತು. ಎಡಗಣ್ಣು ಹೋಗಿಬಿಟ್ಟಿತು.

ನಾನು ಅವರ ಮುಂದೆ ಕುಳಿತು ಅತ್ತುಬಿಟ್ಟೆ. "ಅಳಬ್ಯಾಡ ಹುಚ್ಚಿ, ಕಂಪೋಜ್ ಮಾಡುವಾಗ ಹ್ಯಾಂಗಿದ್ರೂ ಒಂದ ಕಣ್ಣ ಮುಚ್ಚೇ ನೋಡ್ತಿದ್ನಿ," ಎಂದರು. ನನ್ನನ್ನು ನಗಿಸಲು ಹೇಳಿದ್ದು. ನಕ್ಕೆ ಕೂಡ. ಆದರೆ ಆ ಕಣ್ಣಿನ ಲೆಕ್ಕ ನನ್ನ ತಲೆಯ ಮೇಲಿದೆ, ಅದು ಇಳಿಯುವಂಥದ್ದಲ್ಲ.

ನನ್ನ ಮದುವೆಯಾಯಿತು, ರಾಣೇಬೆನ್ನೂರಿಗೆ ಬಂದೆ. ಬೀಜದ ಕಂಪನಿಯೊಂದರಲ್ಲಿ ಬೀಜ ಬೆಳೆದುಕೊಡುವ ರೈತರ ಯಾದಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಚಾಚಾ ಕಲಿಸಿದ ವಿದ್ಯೆಯಿಂದಲೇ ಸಿಕ್ಕಿದ್ದು. ಮೊದಮೊದಲು ತಿಂಗಳಿಗೊಮ್ಮೆ ಹಾವೇರಿಗೆ ಹೋಗಿ ನೋಡಿ ಬರುತ್ತಿದ್ದೆ. ಆಮೇಲೆ ಮಗು, ಮನೆ, ಕೆಲಸ... ಫೋನಿನಲ್ಲಿ ಮಾತು. ಕೊನೆಯ ಎರಡು ವರ್ಷ ಒಮ್ಮೆಯೂ ಹೋಗಲಿಲ್ಲ. ಹತ್ತಿರದ ಊರು, ಯಾವಾಗ ಹೋದರೂ ಆಯಿತು ಎಂದುಕೊಂಡಿದ್ದೆ. ಮೂರು ವರ್ಷದ ಹಿಂದೆ ಅವರು ತೀರಿಕೊಂಡರು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು.

ಪ್ರೆಸ್ಸಿನಿಂದ ಬಂದ ಮೇಲೆ ಎರಡು ದಿನ ಮನಸ್ಸು ನೆಟ್ಟಗಿರಲಿಲ್ಲ. ಮೂರನೆಯ ದಿನ ಮೆಣಸಿನಕಾಯಿ ಬೀಜದ ಕೆಲಸದ ಮೇಲೆ ಬ್ಯಾಡಗಿಗೆ ಹೋಗಬೇಕಾಯಿತು. ಕೆಲಸ ಮುಗಿಸಿ ಬಸ್‌ ಸ್ಟ್ಯಾಂಡಿನ ಕಡೆ ಹೊರಟವಳು ಮಾರ್ಕೆಟ್ ಯಾರ್ಡಿನ ಹಿಂದಕ್ಕೆ ತಿರುಗಿದೆ. ಇರುತ್ತಾರೋ ಇಲ್ಲವೋ ಎಂಬ ಅಳುಕು.

ಇದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ಕೈ ಮಾತ್ರ ಸರಸರ ಆಡುತ್ತಿತ್ತು, ಗುಡ್ಡೆ ಮೊಣಕಾಲೆತ್ತರ ಇತ್ತು. ನಾನು ಗುರುತು ಹೇಳುವ ಮೊದಲೇ ದೂರದಿಂದ, "ಕರ್ಜಗಿ ಹುಡುಗಿ ಅಲ್ಲೇನು?" ಎಂದರು. ಪಕ್ಕದಲ್ಲಿ ಚೀಲ ಹಾಸಿದರು. ಕುಳಿತೆ. ಮಕ್ಕಳೆಷ್ಟು, ಅತ್ತೆ ಹೇಗಿದ್ದಾರೆ, ಎಲ್ಲ ಆಯಿತು. ಆಮೇಲೆ ಕೇಳಿದರು:

"ಅವತ್ತ ನಿನ್ನ ಜೋಡಿ ಬಂದಿದ್ರಲ್ಲ ಪ್ರೆಸ್ಸಿನ ಸಾಹೇಬ್ರು, ಅವರ ಕಣ್ಣ ಈಗ ಹ್ಯಾಂಗ ಅದಾವು?"

"ಅವರ ಕಣ್ಣಿನ ಸುದ್ದಿ ನಿಮಗ್ಯಾರ ಹೇಳಿದ್ರುರಿ?"

"ಯಾರ ಹೇಳ್ಬೇಕು? ನಾ ಚಾ ಕೊಟ್ಟಾಗ ಅವರು ಕೈ ಬ್ಯಾರೆ ಕಡೆ ಚಾಚಿದ್ರು. ಕಪ್ಪ ಬಸಿ ಮುಟ್ಟಿ ನೋಡಿ ಹಿಡಕೊಂಡ್ರು. ನಾನೂ ಹಂಗ ಹಿಡೀತಿದ್ನಿ ಆವಾಗ, ನನಗ ಗೊತ್ತಾಗೂದಿಲ್ಲೇನು?"

ತೀರಿಕೊಂಡರು ಎಂದು ಹೇಳಿದೆ. ಮೂರು ವರ್ಷವಾಯಿತು ಎಂದೂ ಹೇಳಿದೆ. ಹೇಳುವಾಗ ಅಳು ಬಂತು. ಸುತ್ತಲಿನವರು ಘಾಟಿಗೆ ಎಂದುಕೊಂಡು ಮೂಗಿಗೆ ಸೆರಗು ಕಟ್ಟಿಕೊಳ್ಳಲು ಹೇಳಿದರು. ಆಕೆ ಬಹಳ ಹೊತ್ತು ತುಂಬು ಬಿಡಿಸುತ್ತಲೇ ಇದ್ದರು.

"ಶಿಬಿರದಾಗ ಅವರ್ನ ಹುಡುಕಿದ್ನಿ ನಾನು," ಎಂದರು ಕೊನೆಗೆ. "ಅವರೂ ಬಂದಿರ್ತಾರ ಅಂತ ಮಾಡಿದ್ನಿ. ಹಾವೇರಿ ಪ್ರೆಸ್ಸಿನ ಸಾಹೇಬ್ರು ಎಲ್ಲದಾರ್ರಿ ಅಂತ ಕೇಳಿದ್ರ, ಅವರ ಹೆಸರ ಯಾದ್ಯಾಗ ಇಲ್ಲ ಅಂದ್ರು. ಊರ ಮಂದೀದೆಲ್ಲ ಬರದವರು, ತಮ್ಮದೊಂದು ಬರ್ಕೊಳ್ಳಿಲ್ಲೇನವಾ ಅವರು?"

"ಬರ್ಕೊಂಡಿದ್ರುರಿ," ಎಂದೆ.

ಆಕೆಯ ಕೈ ನಿಂತಿತು. ಕಾಯಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

"ಮತ್ತ?"

ಹೇಳಬೇಡ ಎಂದಿದ್ದರು ಚಾಚಾ. ನಾನು ಹೇಳಿದೆ.